ಕಿಟಕಿಯಿಂದ ಕೊಂಡ ಹುಡುಗಿ

ದ್ರಗಲೀನಾ ಚಿಕ್ಕಂದಿನಿಂದಲೂ ಬಹಳ ಸಾಧು ಹುಡುಗಿ ಎಂದು ನಮ್ಮೂರಿನವರು ಈಚೆಗೆ ಹೇಳಿಕೊಂಡು ತಿರುಗುತ್ತಾರೆ. ದಿನಾ ಬೆಳಿಗ್ಗೆ ಅವಳ ಬೇಕರಿಯ ಬಿಸಿ ಬ್ರೆಡ್ ತಿನ್ನುವ ಬಾಯಿಗಳು ಇನ್ನೇನು ಹೇಳಿಯಾವು! ಇದೇ ಬಾಯಿಗಳು ತೊಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಅವಳನ್ನು ಹುಚ್ಚುನಾಯಿ ಎಂದಿದ್ದವು, ಕಟ್ಟಿಹಾಕಿ ಎಂದಿದ್ದವು. ನಾನು ಅವರ ಎದುರುಮನೆಯ ಸ್ತಾಂಕಾ. ನಡುವೆ ಇದ್ದದ್ದು ಒಂದು ಡಾಂಬರು ರಸ್ತೆ, ಹನ್ನೊಂದು ಹೆಜ್ಜೆ ಅಗಲದ್ದು. ಆಗ ನನ್ನ ಗಂಡ ತೀರಿ ಆರು ವರ್ಷವಾಗಿತ್ತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದವಳಿಗೆ ಎದುರುಮನೆಯ ಮಾತು ಚೆನ್ನಾಗಿ ಕೇಳಿಸುತ್ತದೆ.

ಜೂನ್ ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ. ನಾನು ಬೇಲಿಯ ಪಕ್ಕ ಹುರುಳಿಬಳ್ಳಿಗೆ ಕಡ್ಡಿ ಚುಚ್ಚುತ್ತಿದ್ದೆ. ದ್ರಗಲೀನಾ ಮೆಟ್ಟಿಲ ಮೇಲೆ ಕೂತು ಕಾಲಿನ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಹದಿನೈದು. ತಮ್ಮ ಸಾಂದುವಿಗೆ ಒಂಬತ್ತು. ಅವನು ಬಿಸಿಲಿನಲ್ಲಿ ಆಡಿ ಬಂದಿದ್ದ.

"ಅಕ್ಕಾ, ನೀರು ಕೊಡೇ."

"ನಿಂಗೇನು ಕೈಕಾಲು ಬಿದ್ದೋಗಿದಾವಾ? ಹೋಗಿ ಸೇದ್ಕೋ."

ಬಾವಿ ನನ್ನ ಮನೆಯ ಕಡೆಗಿತ್ತು. ಹುಡುಗ ಚೊಂಬು ಹಿಡಿದು ರಸ್ತೆಗೆ ಇಳಿದ. ಮರದ ದಿಮ್ಮಿ ಹೇರಿದ ಲಾರಿ ಇಳಿಜಾರಿನಲ್ಲಿ ಬರುತ್ತಿತ್ತು. ಮುಂದಿನದನ್ನು ಬರೆಯುವುದಿಲ್ಲ.

ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ನನಗೆ ಕೇಳಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಊರಿನವರನ್ನು ಬೈಯುವ ಮೊದಲು ಇದನ್ನು ಬರೆದಿಡಬೇಕು, ಬರೆದಿದ್ದೇನೆ.

ಆಮೇಲೆ ಆ ಹುಡುಗಿ ಮಾಡಿದ್ದು ಒಂದೆರಡಲ್ಲ. ಹೆಣದ ಮುಂದೆ ನಕ್ಕಳು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ತನ್ನ ಜಡೆ ಕತ್ತರಿಸಿ ಹಂದಿಯ ತೊಟ್ಟಿಗೆ ಎಸೆದಳು. ಚರ್ಚಿನ ಹಿಂದೆ ನಿಂತಿದ್ದ ಲಾರಿಯ ಗಾಜಿಗೆ ಕಲ್ಲು ಹೊಡೆದಳು, ಅದು ಆ ಲಾರಿಯೂ ಅಲ್ಲ. ಯಾರಾದರೂ ಕುಡಿಯಲು ಲೋಟ ಎತ್ತಿದರೆ ಕೈಗೆ ತಟ್ಟಿ ಚೆಲ್ಲುತ್ತಿದ್ದಳು. ಪಾದ್ರಿ ತಲೆ ಸವರಲು ಬಂದಾಗ ಅವರ ಕೈಯನ್ನು ಹಲ್ಲುಗುರುತು ಮೂಡುವ ಹಾಗೆ ಕಚ್ಚಿದಳು. ಸಮಾಧಾನ ಹೇಳಲು ಬಂದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ. ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯ ಸಿಹಿಯನ್ನು ಎರಡೆರಡು ತಟ್ಟೆ ತಿಂದು, ಬಾಯಿ ಒರೆಸಿಕೊಂಡು, "ಅಯ್ಯೋ ಪಾಪ, ಗಂಡುಮಗು ಹೋಯ್ತು, ಇದು ಉಳ್ಕೊಂಡ್ತಲ್ಲ" ಅನ್ನುತ್ತಿದ್ದರು. ಹುಡುಗಿ ಅಲ್ಲೇ ಬಾಗಿಲ ಹಿಂದೆ ಇರುತ್ತಿದ್ದಳು. ಅವರಿಗೂ ಅದು ಗೊತ್ತಿರುತ್ತಿತ್ತು.

ಅವಳ ಅಪ್ಪ ಕಲ್ಲಿದ್ದಲ ಗಣಿಗೆ ಹಿಂತಿರುಗಿದ. ಅಲ್ಲಿ ಕತ್ತಲೆಯಲ್ಲಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅಮ್ಮ ಔರಿಕಾ ಮನೆಯಲ್ಲೇ ಇದ್ದಳು, ಮಗಳ ಮುಖ ನೋಡುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರಿಗೆ ನಲವತ್ತು ದಿನ ಬಾಯಾರಿಕೆ. ಅವರ ಹೆಸರಿನಲ್ಲಿ ಒಬ್ಬ ಕನ್ಯೆ ಚರ್ಚಿನ ಕೆಳಗಿನ ಒರತೆಯಿಂದ ನಲವತ್ತನಾಲ್ಕು ಬಕೆಟ್ಟು ನೀರನ್ನು ನಾಲ್ಕು ಮನೆಗಳಿಗೆ ಹೊರಬೇಕು, ಮನೆಗೆ ಹನ್ನೊಂದರಂತೆ. ದಾರಿಯಲ್ಲಿ ತುಟಿ ಬಿಚ್ಚಬಾರದು. ನೀರು ಇಳಿಸಿಕೊಂಡವರು "ಅವನಿಗೆ ಮುಟ್ಟಲಿ" ಎಂದು ಒಂದು ಗುಟುಕು ಕುಡಿಯಬೇಕು. ಬಕೆಟ್ಟಿಗೊಂದು ಕಚ್ಚನ್ನು ಕೋಲಿನ ಮೇಲೆ ಕೊರೆಯಬೇಕು. ನಲವತ್ತನೆಯ ದಿನ ಹಳ್ಳದ ಬಳಿ ಸಾಕ್ಷಿ ಕೇಳಿ ನೀರು ಬಿಡಬೇಕು. ಹೊರುವವಳು ರಕ್ತಸಂಬಂಧಿ ಆಗಿರಕೂಡದು. ಮನೆಯವರು ಹೊತ್ತ ನೀರು ಮನೆಯಲ್ಲೇ ಉಳಿಯುತ್ತದೆ, ಸತ್ತವನಿಗೆ ತಲುಪುವುದಿಲ್ಲ.

ಔರಿಕಾ ಈ ಕೆಲಸ ಕೊಟ್ಟದ್ದು ಸಾಂದುವಿಗೆ ದೀಕ್ಷಾಸ್ನಾನವಾದಾಗ ಅವನನ್ನು ಎತ್ತಿಕೊಂಡಿದ್ದ ಧರ್ಮತಾಯಿ ಪೌನಾಳ ಮಗಳು ನಾರ್ಚಿಸಾಗೆ. ಕೊಡದಿದ್ದರೆ ಪೌನಾ ಮುನಿಸಿಕೊಳ್ಳುತ್ತಿದ್ದಳು. ಆ ಹೆಂಗಸು ಮುನಿಸಿಕೊಂಡರೆ ಚರ್ಚಿನ ಗಂಟೆಗಿಂತ ದೂರ ಕೇಳಿಸುತ್ತದೆ. ನಾರ್ಚಿಸಾ ಬಿಳಿ ಬಟ್ಟೆ ಹಾಕಿ, ಕಣ್ಣು ತಗ್ಗಿಸಿ ಮೊದಲ ವಾರ ಚೆನ್ನಾಗಿ ನಡೆದಳು, ನೋಡುವವರು ಇದ್ದರು. ಆಮೇಲೆ ಬಿಸಿಲು ಏರಿತು, ನೋಡುವವರು ತೋಟಕ್ಕೆ ಹೋದರು. ಒರತೆಯ ನೀರಿಗೆ ಕಬ್ಬಿಣದ ರುಚಿ ಇರುತ್ತದೆ. ನಾಲ್ಕು ಮನೆಗಳಲ್ಲಿ ನನ್ನದೂ ಒಂದು; ನನಗೆ ಬಂದ ಐದನೆಯ ಬಕೆಟ್ಟಿನಲ್ಲಿ ಅದಿರಲಿಲ್ಲ, ಆರನೆಯದರಲ್ಲೂ ಇಲ್ಲ. ಅದು ನನ್ನ ಬೇಲಿಯ ಪಕ್ಕದ ಬಾವಿಯ ನೀರು. ಆ ಚೊಂಬು ತಲುಪದೇ ಹೋದ ಬಾವಿಯದು. ಆಗಲೂ ನಾನು ಕುಡಿದು "ಅವನಿಗೆ ಮುಟ್ಟಲಿ" ಎಂದೆ. ಎಷ್ಟು ಸುಲಭ ನೋಡಿ.

ಇಪ್ಪತ್ತೆಂಟನೆಯ ದಿನ ದ್ರಗಲೀನಾ ಅವಳನ್ನು ಬಾವಿಕಟ್ಟೆಯ ಬಳಿಯೇ ಹಿಡಿದಳು.

"ಎಲ್ಲಿ ಕೋಲು, ತೋರ್ಸು."

"ನಿಂಗ್ಯಾಕೆ ತೋರಿಸ್ಬೇಕು?"

"ಮೂವತ್ತೊಂದು ಕಚ್ಚು ಇದೆಯಲ್ಲೇ! ದಿನಾ ಹಿಂದೆ ಬಂದು ಎಣಿಸಿದೀನಿ. ನೀನು ಹೊತ್ತಿರೋದು ಇಪ್ಪತ್ತೆರಡು. ಅದರಲ್ಲಿ ಎಂಟು ಇಲ್ಲಿಂದ. ಇಲ್ಲಿಂದ, ಗೊತ್ತಾ!"

"ನೀರು ನೀರೇ ಕಣೆ. ಸತ್ತೋನಿಗೆ ರುಚಿ ಗೊತ್ತಾಗುತ್ತಾ?"

ಆ ಬಾಯಿಗೆ ಪೆಟ್ಟು ಬಿದ್ದದ್ದು ನನಗೆ ಶಬ್ದ ಕೇಳಿ ಗೊತ್ತಾಯಿತು. ನಾನು ಬಿಡಿಸಲು ಹೋಗುವ ಹೊತ್ತಿಗೆ ಕೋಲು ಮೂರು ತುಂಡಾಗಿತ್ತು, ನಾರ್ಚಿಸಾಳ ಬಿಳಿ ಬಟ್ಟೆ ಕೆಸರಿನಲ್ಲಿತ್ತು, ಪೌನಾ ಓಡಿ ಬರುತ್ತಿದ್ದಳು.

"ತಮ್ಮನ್ನ ತಿಂದ್ಕೊಂಡಿದ್ದು ಸಾಲ್ದಾ ನಿಂಗೆ? ಇನ್ನು ನನ್ನ ಮಗಳು ಒಂದು ಹನಿ ಹೊರಲ್ಲ. ಯಾರ ಮಗಳು ಹೊರ್ತಾಳೋ ನೋಡ್ತೀನಿ!"

ಯಾರ ಮಗಳೂ ಹೊರಲಿಲ್ಲ. ಔರಿಕಾ ಏಳು ಮನೆಯ ಬಾಗಿಲಿಗೆ ಹೋಗಿ ಬಂದಳು. ಒಬ್ಬಳಿಗೆ ಬೆನ್ನುನೋವು, ಒಬ್ಬಳಿಗೆ ಪರೀಕ್ಷೆ. ಶಾಲೆಗೆ ರಜೆಯಿರುವ ಜುಲೈ ತಿಂಗಳಲ್ಲಿ ಪರೀಕ್ಷೆ! ಹುಡುಗನ ಶವದ ಹಿಂದೆ ಎದೆ ಬಡಿದುಕೊಂಡು ನಡೆದವರು ಇವರೇ.

ಮರುದಿನ ಬೆಳಿಗ್ಗೆ ದ್ರಗಲೀನಾ ನನ್ನ ಬೇಲಿಯ ಬಳಿ ಬಂದು ನಿಂತಳು. ಜಡೆಯಿಲ್ಲದ ತಲೆ, ಕೆನ್ನೆಯ ಮೇಲೆ ಉಗುರಿನ ಗೀರು. ನಮಸ್ಕಾರ ಇಲ್ಲ, ಏನಿಲ್ಲ.

"ಸ್ತಾಂಕಾ ಅಜ್ಜಿ, ನನ್ನನ್ನ ಕೊಂಡ್ಕೋ."

ನಮ್ಮಲ್ಲಿ ಮಗು ಬದುಕುವುದಿಲ್ಲ ಎಂದು ಕಂಡರೆ ಅದನ್ನು ಕಿಟಕಿಯಿಂದ ಬೇರೆ ಹೆಂಗಸಿಗೆ ಮಾರುತ್ತಾರೆ. ಆಮೇಲೆ ಅದು ಅವಳ ಮಗು, ಸಾವು ಹಳೆಯ ಮನೆಯಲ್ಲಿ ಹುಡುಕಿ ಸೋತು ಹೋಗುತ್ತದೆ. ಆದರೆ ಮಾರುವುದು ತೊಟ್ಟಿಲ ಕೂಸನ್ನು. ನಾನು ನಕ್ಕುಬಿಟ್ಟೆ.

"ನಿಂಗೇನು ಜ್ವರವಾ? ಕತ್ತೆ ಹಾಗೆ ಬೆಳೆದಿದೀಯ."

"ಮಾರಿದ್ರೆ ನಾನು ಅವರ ಮನೆಯವಳಲ್ಲ ತಾನೆ?"

"ಅಲ್ಲ."

"ಹಾಗಾದ್ರೆ ಅವನ ನೀರು ನಾನು ಹೊರಬಹುದು. ಹನ್ನೊಂದು ದಿನ ಇದೆ. ದಿನಕ್ಕೆ ನಾಲ್ಕು. ನಲವತ್ತನಾಲ್ಕಾಗುತ್ತೆ."

ಲೆಕ್ಕ ಸರಿಯಾಗಿತ್ತು. ನಾನು ಕಡ್ಡಿ ಕೆಳಗಿಟ್ಟೆ.

"ಸರಿಯಾಗಿ ಕೇಳಿಸ್ಕೋ. ಹಳ್ಳದ ಹತ್ರ ಮೂರು ಸಲ ಕೇಳ್ತಾರೆ, ಅವನು ನಿಂಗೆ ಏನಾಗಬೇಕು ಅಂತ. ಏನೂ ಆಗಬೇಕಿಲ್ಲ ಅನ್ನಬೇಕು. ಊರೆಲ್ಲಾ ನಿಂತಿರ್ತಾರೆ. ತಮ್ಮ ಅನ್ನೋ ಮಾತು ಬಾಯಲ್ಲಿ ಬಂತೋ, ಹೊತ್ತಿದ್ದೆಲ್ಲಾ ಮಣ್ಣು. ಆಮೇಲೂ ಅನ್ನೋ ಹಾಗಿಲ್ಲ."

"ಯಾವತ್ತೂ?"

"ಮಾರಿದ್ದು ಮಾರಿದ್ದೇ."

ಅವಳು ಬೇಲಿಯ ಗೂಟದ ಸಿಪ್ಪೆಯನ್ನು ಉಗುರಿನಿಂದ ಕೆರೆದು ಕಿತ್ತಳು. ಆಮೇಲೆ "ನಡಿ" ಎಂದಳು.

ಔರಿಕಾ ಆಲೂಗಡ್ಡೆ ಸುಲಿಯುತ್ತಿದ್ದಳು. ವಿಷಯ ಕೇಳಿ ಚಾಕು ನಿಲ್ಲಿಸಲಿಲ್ಲ.

"ಇನ್ನೊಂದು ಆಟ ಶುರುವಾಯ್ತಾ ಇವಳದ್ದು? ಅಷ್ಟೊಂದು ಯಾಕಂತೆ ಇವಳಿಗೆ ನೀರು ಹೊರೋ ಆಸೆ?"

ಮಗಳು ಹೇಳಿದಳು. "ಅವನು ನನ್ನ ಹತ್ರ ನೀರು ಕೇಳಿದ್ದಮ್ಮ. ನಾನು ಎದ್ದು ಕೊಡಲಿಲ್ಲ. ಹೋಗಿ ಸೇದ್ಕೋ ಅಂದೆ."

ಚಾಕು ನಿಂತಿತು. ಔರಿಕಾ ಮೊದಲ ಬಾರಿಗೆ ಮಗಳ ಮುಖ ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಕೈ ಒರೆಸಿಕೊಂಡು ಕಿಟಕಿ ತೆಗೆದಳು.

ನಾನು ಹೊರಗೆ ನಿಂತೆ. ಕಂಕುಳಲ್ಲಿ ನನ್ನ ಬಿಳಿ ಹೇಂಟೆ.

"ಏನು ಮಾರ್ತಿದೀಯ?"

"ಮಗಳನ್ನ."

"ಒಳ್ಳೆ ಮಗಳಾ?"

ಇದು ಕೇಳಲೇಬೇಕಾದ ಮಾತು. ಒಳ್ಳೆಯದಲ್ಲ, ಅದಕ್ಕೇ ಮಾರುತ್ತಿದ್ದೇನೆ ಎನ್ನುವುದು ಸರಿಯಾದ ಉತ್ತರ. ಸಾವಿಗೆ ಕೇಳಿಸಲಿ ಎಂದು ಹಾಗೆ ಹೇಳುವುದು. ಔರಿಕಾ ಅದನ್ನೇ ಹೇಳಿದಳು. ಅವಳು ಅದನ್ನು ಸಾವಿಗೆ ಹೇಳಿದಳೋ ಮಗಳಿಗೆ ಹೇಳಿದಳೋ ನನಗೆ ತಿಳಿಯಲಿಲ್ಲ.

ಹುಡುಗಿ ಸೊಂಟದ ಬಳಿ ಕಿಟಕಿಯಲ್ಲಿ ಸಿಕ್ಕಿಕೊಂಡಳು. ಒಳಗಿನಿಂದ ಒಬ್ಬಳು ತಳ್ಳಿದಳು, ಹೊರಗಿನಿಂದ ನಾನು ಎಳೆದೆ, ಹೇಂಟೆ ಕಿರುಚುತ್ತಾ ಹಾರಿಹೋಯಿತು. ಬೇಲಿಯಾಚೆ ಪೌನಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೇಂಟೆಯನ್ನು ಅರ್ಧ ಗಂಟೆ ಅಟ್ಟಿಸಿ ಹಿಡಿದು ಔರಿಕಾಳ ಕೈಗೆ ಕೊಟ್ಟೆ. ಬೆಲೆ ಮುಟ್ಟಿತು.

ಆ ಹನ್ನೊಂದು ದಿನ ಅವಳು ನೀರು ಹೊತ್ತ ಪರಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಬಕೆಟ್ಟು ತುಳುಕುತ್ತಿತ್ತು, ನಡಿಗೆ ಗಂಡುಹುಡುಗರ ಹಾಗಿತ್ತು, ಬಿಳಿ ಬಟ್ಟೆಯೂ ಇರಲಿಲ್ಲ. ಆದರೆ ಒರತೆಯಿಂದ ನನ್ನ ಬಾಗಿಲಿಗೆ ಮುನ್ನೂರ ಹತ್ತು ಹೆಜ್ಜೆ, ಅಷ್ಟೂ ಹೆಜ್ಜೆ ನಡೆದು ಬಂದ ನೀರಿನಲ್ಲಿ ಕಬ್ಬಿಣದ ರುಚಿ ಇತ್ತು.

ನಾಲ್ಕು ಮನೆಗಳಲ್ಲಿ ಒಂದು ಪೌನಾಳದು. ಧರ್ಮತಾಯಿಯ ಮನೆ ಬಿಡುವ ಹಾಗಿಲ್ಲ. ಮೊದಲ ದಿನ ಪೌನಾ ಗೇಟು ತೆಗೆಯಲಿಲ್ಲ. ಹುಡುಗಿ ಬಕೆಟ್ಟು ಹಿಡಿದು ಗೇಟಿನ ಮುಂದೆ ನಿಂತಳು. ನೀರು ಇಳಿಯುವ ತನಕ ಅವಳು ಮಾತಾಡುವ ಹಾಗಿಲ್ಲ. ಪೌನಾಗೆ ಅದು ಗೊತ್ತು, ಅದಕ್ಕೇ ಬಾಯಿ ಬಿಚ್ಚಿದಳು.

"ಏನಮ್ಮಾ, ಕೋಳಿಗೆ ಬಂದ ಮಗಳೇ! ಈವತ್ತು ಕಚ್ಚಲ್ವಾ? ಹೊಡಿಯಲ್ವಾ? ನಾಲಿಗೆ ಸ್ತಾಂಕಾಗೆ ಮಾರ್ಕೊಂಡ್ಯಾ? ಅವಳಿಗೂ ಬೇಕಾಗಿತ್ತು ಬಿಡು, ಗಂಡ ಸತ್ತ ಮೇಲೆ ಬೈಯೋಕೆ ಯಾರೂ ಇರಲಿಲ್ಲ."

ಹುಡುಗಿಯ ಕುತ್ತಿಗೆ ಕೆಂಪಾಯಿತು. ತುಟಿ ಬಿಚ್ಚಲಿಲ್ಲ. ಐವತ್ತು ನಿಮಿಷ ನಿಂತಳು, ನಾನು ಗಡಿಯಾರ ನೋಡಿದ್ದೇನೆ. ಕೈ ಸೋತಾಗ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದಳೇ ಹೊರತು ನೆಲಕ್ಕಿಡಲಿಲ್ಲ. ಕೊನೆಗೆ ತೋಟದಿಂದ ಬರುವವರು ಒಬ್ಬೊಬ್ಬರೇ ನಿಂತು ನೋಡತೊಡಗಿದರು. ಜನ ನೋಡುತ್ತಿದ್ದಾರೆ ಎಂದ ಕೂಡಲೇ ಪೌನಾಗೆ ದೇವರು ನೆನಪಾದ. ಗೇಟು ತೆಗೆದು, ಬಕೆಟ್ಟು ಇಳಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ "ನನ್ನ ಕಂದನಿಗೆ ಮುಟ್ಟಲಿ" ಎಂದು ಕಣ್ಣೊರೆಸಿಕೊಂಡಳು. ಕಣ್ಣು ಒಣಗಿತ್ತು.

ಆ ದಿನದಿಂದ ಹುಡುಗಿ ಯಾರನ್ನೂ ಹೊಡೆದದ್ದು ನಾನು ನೋಡಿಲ್ಲ. ಒಳ್ಳೆಯವಳಾದಳು ಎಂದಲ್ಲ. ಕೈಯಲ್ಲಿ ತುಂಬಿದ ಬಕೆಟ್ಟು ಇದ್ದಾಗ ಹೊಡೆಯುವುದು ಹೇಗೆ?

ನಲವತ್ತನೆಯ ದಿನ ಊರೆಲ್ಲ ಹಳ್ಳದ ಬಳಿ ಸೇರಿತು. ನೀರು ಬಿಡುವುದನ್ನು ನೋಡುವುದಕ್ಕಿಂತ, ಈ ಹುಡುಗಿ ಎಲ್ಲಿ ಎಡವುತ್ತಾಳೆ ಎಂದು ನೋಡುವುದಕ್ಕೆ. ಸೋರೆಬುರುಡೆಯ ಹೋಳಿನಲ್ಲಿ ಮೇಣದಬತ್ತಿ ಹಚ್ಚಿ ನೀರಿನ ಮೇಲಿಟ್ಟರು. ಮುದುಕಿ ಸೂಲಗಿತ್ತಿ ಕೇಳಿದಳು.

"ಯಾರಿಗೆ ಹೊತ್ತೆ?"

"ಔರಿಕಾಳ ಮಗ ಸಾಂದುವಿಗೆ. ನಲವತ್ತನಾಲ್ಕು. ಸಾಕ್ಷಿ ಇರಿ."

"ಅವನು ನಿಂಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ."

ಎರಡನೆಯ ಸಲ ಕೇಳಿದಾಗ ಧ್ವನಿ ಒಡೆಯಿತು, ಆದರೂ ಅದನ್ನೇ ಹೇಳಿದಳು. ಮೂರನೆಯ ಸಲ ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಪೌನಾ ಕತ್ತು ಮುಂದೆ ಚಾಚಿದಳು. ಔರಿಕಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

"ಏನೂ ಆಗಬೇಕಿಲ್ಲ" ಎಂದು ಹುಡುಗಿ ಕೂಗಿ ಹೇಳಿದಳು. ದನ ಕಾಯುವವರೂ ತಿರುಗಿ ನೋಡಿದರು.

"ಸಾಕ್ಷಿ ಇದೀವಿ" ಎಂದೆ ನಾನು, ಎಲ್ಲರಿಗಿಂತ ಮೊದಲು. ಉಳಿದವರೂ ಹೇಳಲೇಬೇಕಾಯಿತು. ಅವಳು ಬಕೆಟ್ಟು ಬಗ್ಗಿಸಿದಳು, ನೀರು ಹಳ್ಳಕ್ಕೆ ಹೋಯಿತು, ಬತ್ತಿ ಉರಿಯುತ್ತಲೇ ತಿರುವು ದಾಟಿತು. ಜನ ಮಾಂಸ ತುಂಬಿದ ಎಲೆಕೋಸಿನ ಸುರುಳಿ ಆರಿಹೋಗುತ್ತದೆ ಎಂದು ಔರಿಕಾಳ ಮನೆಯ ಊಟಕ್ಕೆ ಓಡಿದರು.

ಊಟವಾದ ಮೇಲೆ ಔರಿಕಾ ನನ್ನ ಕಿಟಕಿಯ ಹೊರಗೆ ಬಂದು ನಿಂತಳು. ಕಂಕುಳಲ್ಲಿ ಅದೇ ಬಿಳಿ ಹೇಂಟೆ.

"ಕೊಡು ಸ್ತಾಂಕಾ, ನನ್ನ ಮಗಳನ್ನ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ಕಿಟಕಿಯ ಹತ್ತಿರ ಹೋದಳು, ಕೈಯನ್ನು ಚೌಕಟ್ಟಿನ ಮೇಲಿಟ್ಟಳು, ಮತ್ತೆ ತೆಗೆದಳು.

"ಅಜ್ಜಿ, ನಾನು ವಾಪಸ್ ಹೋದ್ರೆ ಮತ್ತೆ ಮನೆಯವಳಾಗ್ತೀನಿ. ಆಗ ಹೊತ್ತ ನೀರು?"

"ನಂಗೊತ್ತಿಲ್ಲ ಕಣೆ. ಇಂಥಾದ್ದು ಯಾರೂ ಮಾಡಿಲ್ಲ."

"ಪಾದ್ರಿಗೆ ಗೊತ್ತಿರುತ್ತಾ?"

"ಇದೆಲ್ಲಾ ಅಜ್ಞಾನ ಅಂತಾರೆ ಅವರು. ಊಟಕ್ಕೆ ಮಾತ್ರ ಮೊದಲನೇ ಪಂಕ್ತಿ."

"ಹಾಗಾದ್ರೆ ಬೇಡ" ಎಂದಳು. "ಅವನಿಗೆ ಮತ್ತೆ ಬಾಯಾರಿದ್ರೆ?"

ಮೂರ್ಖತನ ಎಂದು ನಾನೂ ಬೈದೆ. ಔರಿಕಾ ಅತ್ತಳು, ಬೇಡಿದಳು, ಕೊನೆಗೆ ಹೇಂಟೆಯನ್ನು ನನ್ನ ಅಂಗಳದಲ್ಲೇ ಬಿಟ್ಟು ಹೋದಳು. ಬಿಟ್ಟದ್ದರಿಂದ ಏನೂ ಬದಲಾಗಲಿಲ್ಲ. ನಾನು ಮಾರಿರಲಿಲ್ಲ. ಮರುದಿನ ಅದನ್ನು ವಾಪಸ್ ಕೊಡಲು ಹುಡುಗಿಯನ್ನೇ ಕಳಿಸಿದೆ.

ಅವಳು ರಸ್ತೆ ದಾಟುವ ಮುನ್ನ ಎರಡೂ ಕಡೆ ನೋಡಿದಳು. ತಾನು ಹುಟ್ಟಿದ ಮನೆಯ ಗೇಟಿನ ಹೊರಗೆ ನಿಂತು, ಪಕ್ಕದ ಮನೆಯ ಹುಡುಗಿಯರು ಕೂಗುವ ಹಾಗೆ ಕೂಗಿದಳು.

"ಔರಿಕಾ ಅಕ್ಕಾ! ಸೌದೆ ಒಡೀಬೇಕಾ?"

ಔರಿಕಾ ಬಾಗಿಲಿಗೆ ಬಂದಳು. ಗೇಟಿನ ತನಕ ಬಂದು ಹೇಂಟೆಯನ್ನು ತೆಗೆದುಕೊಂಡಳು.

"ಒಡೀಬೇಕಮ್ಮಾ" ಎಂದಳು. "ಜೋಳದ ಮುದ್ದೆ ಮಾಡಿದೀನಿ. ಊಟ ಮಾಡ್ಕೊಂಡು ಹೋಗು."