ಎರಡು ಗಿಟಾರು, ಒಂದು ಚೀಲ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ತೂಗುವಾಗಲೂ ಕಣ್ಣು ತಕ್ಕಡಿ ಬಿಟ್ಟು ಕದಲುವುದಿಲ್ಲ. ಅಂಥವನು ಹೋಗಿ ಹೋಗಿ ಚೀಟಿ ಎತ್ತಿ ನುಡಿಸುವ ಸಂಗೀತಕ್ಕೆ ಒಪ್ಪಿಕೊಂಡೆನಲ್ಲ, ಏನು ಹೇಳಲಿ.

ಜೊತೆಗಾರ ಬೆಳಗಾವಿ ಕಡೆಯವನು, ಪುಣೆಯ ಭೋಸರಿಯ ಕಾರ್ಖಾನೆಯಲ್ಲಿ ಕೆಲಸ. ಆರು ವರ್ಷದಿಂದ ಪ್ರತಿ ಭಾನುವಾರ ಅವನ ಕೋಣೆಯಲ್ಲಿ ಇಬ್ಬರೂ ಗಿಟಾರ್ ನುಡಿಸುತ್ತಿದ್ದೆವು. ನೂರು ವರ್ಷದ ಹಿಂದೆ, ಯುದ್ಧದಿಂದ ರೋಸಿಹೋದ ಯುರೋಪಿನ ಕಲಾವಿದರು ಅರ್ಥವೇ ಬೇಡವೆಂದು ಪದಗಳನ್ನು ಕತ್ತರಿಸಿ, ಚೀಲಕ್ಕೆ ಹಾಕಿ, ಕೈಗೆ ಬಂದ ಹಾಗೆ ಪದ್ಯ ಕಟ್ಟಿದರಂತೆ. ದಾದಾ ಅಂತ ಆ ಚಳವಳಿಯ ಹೆಸರು. ಒಂದು ಕಾರ್ಯಕ್ರಮಕ್ಕೆಂದು, ಅವನ ಮಾತಿನಂತೆ, ನಾವೂ ಹಾಗೆಯೇ ಸ್ವರಗಳನ್ನು ಚೀಟಿಗಳಲ್ಲಿ ಬರೆದು ಬಟ್ಟೆಚೀಲಕ್ಕೆ ತುಂಬಿದೆವು. ನೋಡದೆ ಎತ್ತಬೇಕು, ಬಂದದ್ದನ್ನು ನುಡಿಸಬೇಕು.

ಆದರೆ ಬೆರಳು ಮುರಿಯುವಂಥ ಚೀಟಿಗಳೆಲ್ಲ ನನಗೇ. ಅವನಿಗೆ ಮಾತ್ರ ಎಡಗೈ ಒತ್ತದೆ ಸುಮ್ಮನೆ ತಂತಿ ಮೀಟುವಂಥವು. ಕೇಳಿದರೆ "ನಸೀಬಪಾ" ಎನ್ನುತ್ತಿದ್ದ. ನಾಲ್ಕು ವಾರವೂ ನಸೀಬು ಒಬ್ಬನ ಕಡೆಗೇ ಇರುತ್ತದೆಯೇ? ಅವನು ಚಹಾ ತರಲು ಇಳಿದಾಗ ಚೀಲ ಸುರುವಿ ನೋಡಿದೆ. ಸುಲಭದ ಚೀಟಿಗಳಿಗೆಲ್ಲ, ಮುಟ್ಟಿದರೆ ತಿಳಿಯುವ ಹಾಗೆ, ಒಂದು ಮೂಲೆ ಮಡಚಿತ್ತು. ಮೈಯೆಲ್ಲ ಉರಿದುಹೋಯಿತು. ಕಷ್ಟವನ್ನು ನನ್ನ ತಲೆಗೆ ಕಟ್ಟಿ ತಾನು ಮೆರೆಯುವ ಹುನ್ನಾರ ಇದು ಎಂದೇ ಲೆಕ್ಕ ಹಾಕಿದೆ.

ಚೀಟಿಗಳನ್ನು ಹಾಗೆಯೇ ಚೀಲಕ್ಕೆ ತುಂಬಿಟ್ಟೆ. ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಕೂತು ಒಂದೊಂದೇ ಮೂಲೆಯನ್ನು ಉಗುರಿನಿಂದ ತೀಡಿ ನೇರ ಮಾಡಿದೆ. ಈಗ ಎತ್ತು ಮಗನೇ, ನೋಡೋಣ ಅಂದುಕೊಂಡೆ.

ಅವನು ಚೀಲದೊಳಗೆ ಬಹಳ ಹೊತ್ತು ಕೈಯಾಡಿಸಿ, ನನ್ನ ಮುಖ ನೋಡಿ, ಒಂದು ಚೀಟಿ ತೆಗೆದ. ತೋರುಬೆರಳನ್ನು ಅಡ್ಡ ಇಟ್ಟು ಆರೂ ತಂತಿ ಅದುಮಬೇಕಾದ ಚೀಟಿ. ಅದುಮಿದ. ಸ್ವರ ಬರಲಿಲ್ಲ, ಟಪ್ ಟಪ್ ಎಂದಿತು. ಮತ್ತೆ ಅದುಮಿದ, ಮತ್ತೆ ಅದೇ. ಇದೂ ರಚನೆಯ ಭಾಗವೆಂದು ತಿಳಿದ ಜನ ನಕ್ಕು ಚಪ್ಪಾಳೆ ತಟ್ಟಿದರು. ಅವನ ಕಣ್ಣಲ್ಲಿ ನೀರಿತ್ತು.

ಹೊರಗೆ ಬಂದಮೇಲೆ ಎಡಗೈಯ ತೋರುಬೆರಳು ಚಾಚಿದ. "ಕಾರ್ಖಾನ್ಯಾಗ ಪ್ರೆಸ್ ಮಶೀನಿನ ಏಟು ಬಿದ್ದಾಗಿಂದ ಈ ಬೆರಳಾಗ ಶಕ್ತಿನ ಇಲ್ಲ. ತಿಂಗಳ ಮ್ಯಾಲಾತು."

"ನನಗೆ ಯಾಕೋ ಹೇಳಲಿಲ್ಲ?"

"ಹೇಳಿದ್ರ ನೀ ಬ್ಯಾರೆಯವನ್ನ ಹುಡುಕ್ತಿದ್ದಿ."

ಮಡಚಿದ ಮೂಲೆ ಕಂಡ ದಿನವೇ ನನ್ನ ಆಫೀಸಿನ ಒಬ್ಬ ಗಿಟಾರಿನವನನ್ನು ನನ್ನ ಜೊತೆ ನುಡಿಸುತ್ತೀಯಾ ಎಂದು ಕೇಳಿದ್ದೆ. ಅವನು ಒಪ್ಪಿಯೂ ಆಗಿತ್ತು.