ಖಾಲಿ ಹೊಟ್ಟೆಗೆ ಒಂದು ಚಮಚ

ಅಪ್ಪನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಒಂದು ಇಂಗ್ಲಿಷ್ ಹಾಳೆ ಕೊಟ್ಟರು. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಜನ ಉಣ್ಣುವಂಥ ಊಟ, ಹೃದಯಕ್ಕೆ ಒಳ್ಳೆಯದು ಅಂತ. ನಗರಗೆರೆ ಕಡೆಯ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ರಜೆಯೆಲ್ಲ ಕೂಲಿ ಮಾಡಿ ಓದಿದವಳು. ಹಾಳೆ ನನ್ನ ಕೈಗೇ ಬಂತು. ಬಸ್ಸಿನಲ್ಲೇ ಓದಿ ಹೇಳಿದೆ: ಆಲಿವ್ ಎಣ್ಣೆ, ಮೀನು, ಕಾಳು, ಸೊಪ್ಪು, ಬಾದಾಮಿ. ಅಪ್ಪ ಪಕ್ಕದ ಸೀಟಿನವರಿಗೆ ಕೇಳಿಸುವ ಹಾಗೆ, ನನ್ನ ಮಗಳು ಇಂಗ್ಲಿಷ್ ಓದ್ತಾಳೆ ಅಂದ.

ಚಿಕ್ಕಬಳ್ಳಾಪುರದಲ್ಲಿ ಆಲಿವ್ ಎಣ್ಣೆ ಹುಡುಕಿ ಕೊಟ್ಟು, ನಾನು ಚಿಂತಾಮಣಿಗೆ ನನ್ನ ಕೆಲಸಕ್ಕೆ ಹೋದೆ. ಅಮ್ಮ ಆ ಸೀಸೆಯನ್ನು ಮಾತ್ರೆಗಳ ಪಕ್ಕ ಇಟ್ಟಳು. ಅಷ್ಟು ಬೆಲೆಯ ಎಣ್ಣೆ ನಮ್ಮಲ್ಲಿ ಬಾಣಲೆಗೆ ಹೋಗುವುದಿಲ್ಲ, ಅದು ಔಷಧಿ. ಚಿಕ್ಕಂದಿನಲ್ಲಿ ನಮಗೆ ಹರಳೆಣ್ಣೆ ಕುಡಿಸುತ್ತಿದ್ದ ಹಾಗೇ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ. ರಜೆಗೆ ಬಂದಾಗ ಅಪ್ಪ ಮೂಗು ಹಿಡಿದು ನುಂಗುವುದನ್ನು ನಾನೂ ನೋಡಿದ್ದೆ. ತಪ್ಪು ಅನ್ನಿಸಲಿಲ್ಲ. ಭಾನುವಾರದ ಬಾಡೂಟದಲ್ಲಿ ಕೊಬ್ಬಿನ ತುಂಡು ಎಂದಿನಂತೆ ಮನೆ ಯಜಮಾನನ ತಟ್ಟೆಗೇ ಬೀಳುತ್ತಿತ್ತು. ಹಪ್ಪಳ ಕರಿದ ಎಣ್ಣೆಯಲ್ಲೇ ಮಾರನೇ ದಿನದ ಒಗ್ಗರಣೆ.

ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆ. ರಿಪೋರ್ಟ್ ಬರುವವರೆಗೆ ಕೂರಲಾಗದೆ ಆಸ್ಪತ್ರೆ ಅಂಗಳ ಸುತ್ತಿದೆ. ಕೆಟ್ಟ ಕೊಬ್ಬು ಇಳಿದಿರಲಿಲ್ಲ. ಹೀಗೇ ಇದ್ದರೆ ಇನ್ನೊಂದು ನಾಳ ಕಟ್ಟಿಕೊಳ್ಳಬಹುದು ಅಂದರು ಡಾಕ್ಟರು. ಎಣ್ಣೆ ಬಳಸ್ತಿದ್ದೀರಾ ಅಂತ ಕೇಳಿದ್ದಕ್ಕೆ ಅಪ್ಪ, ಒಂದು ದಿನಾನೂ ತಪ್ಪಿಸಿಲ್ಲ ಸಾರ್, ಒಂದು ಚಮಚ ಅಂತ ಹೆಮ್ಮೆಯಿಂದ ಹೇಳಿದ. ಅವರು ನಗಲಿಲ್ಲ. ಅಮ್ಮನ ಕಡೆ ತಿರುಗಿ, ಬಾಣಲೆಗೆ ಏನು ಹಾಕ್ತೀರಮ್ಮ ಅಂದರು.

ಮನೆಗೆ ಬಂದವಳೇ ಹಾಳೆ ತೆಗೆದೆ. ಹಿಂದಿನ ಪುಟದಲ್ಲಿ ಏನೇನು ಬಿಡಬೇಕು ಅಂತ ಇತ್ತು. ತಿನ್ನುವ ಪಟ್ಟಿ ಓದಿದ ಖುಷಿಗೆ ನಾನು ಅದನ್ನು ಮಗುಚಿಯೇ ನೋಡಿರಲಿಲ್ಲ. ಓದಿದವಳು ಅಂತ ಬೀಗಿದ್ದ ನಾನೇ ಅದನ್ನು ಅಮ್ಮನಿಗೆ ಹೇಳಿದೆ.

ಅಮ್ಮ ಬಾಣಲೆಯ ಹಳೇ ಎಣ್ಣೆಯನ್ನು ಹಿತ್ತಲಿಗೆ ಚೆಲ್ಲಿ ಬಂದು ಎದುರು ಕೂತಳು.

"ನಿನ್ನ ಮಾತು ನಂಬ್ಕೊಂಡು ಮಾಡಿದ್ವಿ ಕಣಮ್ಮ. ಈ ಸಲ ಎರಡು ಕಡೆನೂ ಓದಿ ಹೇಳು."

ಮೊದಲ ಸಾಲಿನಿಂದ ಶುರು ಮಾಡಿದೆ. ಕೊಬ್ಬಿನ ಮಾಂಸದ ಸಾಲು ಬಂದಾಗ ಅಪ್ಪ ಎದ್ದು ಹೊರಗೆ ಹೋದ. ಅವನು ವಾಪಸ್ ಬಂದು ಕೂರುವವರೆಗೂ ನಾನು ಆ ಸಾಲು ಬಿಟ್ಟು ಮುಂದೆ ಹೋಗಲಿಲ್ಲ.