ಅತ್ತೆಯ ಎಮ್ಮೆ, ರಾಕೆಟ್ಟಿನ ಷೇರು

ನಮ್ಮತ್ತೆ ಎಮ್ಮೆ ಮಾರಿದ ದುಡ್ಡನ್ನ ನನ್ನ ಕೈಗೆ ಕೊಟ್ಟು, "ಪೋಸ್ಟಾಫೀಸಲ್ಲಿ ಹಾಕು ಕಣೇ. ಮುಂದಿನ ವರ್ಷ ಒಳ್ಳೇ ಎಮ್ಮೆ ತರೋಣ. ಅಲ್ಲೀತನಕ ಪಕ್ಕದ ಮನೆಯೋಳ ನೀರುಹಾಲೇ ಗತಿ" ಅಂದಿದ್ದರು. ನಾನು ಹಾಕಿದ್ದು ರಾಕೆಟ್ಟಿಗೆ.

ಎಂಬತ್ತರ ದಶಕ ಅದು. ಟೇಕಲ್‌ನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಆಫೀಸಿಗೆ ಹೋಗ್ತಿದ್ದೆ, ಊರಿಗೆಲ್ಲ ನಾನೇ ಬುದ್ಧಿವಂತೆ ಅನ್ನೋ ಕೊಬ್ಬು ಬೇರೆ. ಒಂದು ದಿನ ಪೇಪರಲ್ಲಿ ನಟ್ಟು ಬೋಲ್ಟು ಮಾಡೋ ಯಾವುದೋ ಕಬ್ಬಿಣದ ಕಂಪನಿ ಷೇರು ಬಿಡ್ತೀವಿ ಅಂತ ಜಾಹೀರಾತು ಕೊಟ್ಟಿತ್ತು. ಮೇಲೆ ಬೆಂಕಿ ಕಾರುತ್ತಾ ಏರೋ ರಾಕೆಟ್ಟು, ಕೆಳಗೆ 'ರಾಕೆಟ್ ಹಾರಿಸುವವರಿಗೂ ನಮ್ಮದೇ ಮಾಲು' ಅನ್ನೋ ಸಾಲು. ರೈಲು ಮಾಲೂರು ದಾಟೋದರೊಳಗೆ ಎಮ್ಮೆಗೆ ಎರಡು ಎಮ್ಮೆ ಆಗುತ್ತೆ ಅಂತ ಲೆಕ್ಕ ಹಾಕಿ ಮುಗಿಸಿದ್ದೆ.

ಷೇರಿನ ಕಾಗದ ಅಂಚೇಲಿ ಬಂದ ದಿನ ಬಾಯಿ ಬಿಡಲೇಬೇಕಾಯ್ತು. ಅತ್ತೆ ಬೈಯಲಿಲ್ಲ. "ಹೊಲ ವಾರಕ್ಕೆ ಕೊಟ್ಟಂಗೆ ತಾನೇ? ಅವರು ದುಡೀತಾರೆ, ನಮಗೂ ಪಾಲು" ಅಂದರು. ಹೂಂ ಅಂದುಬಿಟ್ಟೆ.

ಕೆಲವೇ ತಿಂಗಳಿಗೆ ಸರ್ಕಾರ ಹಾರಿಸಿದ ರಾಕೆಟ್ಟು ಸಮುದ್ರಕ್ಕೆ ಬಿತ್ತು ಅಂತ ರೇಡಿಯೋ ಹೇಳ್ತು. ಎಮ್ಮೆ ಮುಳುಗಿಹೋಯ್ತಲ್ಲಾ ಅಂತ ನನ್ನ ಸಂಕಟ. ಅತ್ತೆಯ ಸಂಕಟವೇ ಬೇರೆ. "ನಮ್ಮ ಬೋಲ್ಟೇ ಸಡಿಲ ಆಗಿರಬೇಕು ಕಣೇ. ಸರ್ಕಾರದೋರಿಗೆ ಹೆಂಗೆ ಮುಖ ತೋರಿಸೋದು?" ಅಂತ ಎರಡು ದಿನ ಮುದ್ದೆ ಮುಟ್ಟಲಿಲ್ಲ. ಅಷ್ಟರಲ್ಲಿ ಷೇರುದಾರರ ಸಭೆಗೆ ಬನ್ನಿ ಅಂತ ಕಂಪನಿ ಕಾಗದ ಬಂತು. "ವಾರಕ್ಕೆ ಕೊಟ್ಟೋರು ಹೊಲ ನೋಡ್ದೆ ಇರ್ತಾರಾ? ನಡಿ" ಅಂತ ಹೊರಟೇಬಿಟ್ಟರು. ಬರಿಗೈಲಿ ಹೋಗಬಾರದು ಅಂತ ಒಂದು ಚೀಲ ಬದನೆಕಾಯಿ ಬೇರೆ.

ಸಭೇಲಿ ಅರ್ಧ ಜನ ತೂಕಡಿಸ್ತಿದ್ದರು, ಇನ್ನರ್ಧ ಕಾಫಿಗೆ ಕಾಯ್ತಿದ್ದರು. ಪ್ರಶ್ನೆ ಇದ್ದರೆ ಕೇಳಬಹುದು ಅಂದರು ಅಧ್ಯಕ್ಷರು. ಅತ್ತೆ ಎದ್ದು ಹೋಗಿ ಬದನೆಕಾಯಿ ಚೀಲವನ್ನ ಅವರ ಮೇಜಿನ ಮೇಲಿಟ್ಟು, "ಸ್ವಾಮಿ, ಬಿದ್ದ ರಾಕೆಟ್ಟಲ್ಲಿ ನಮ್ಮ ಬೋಲ್ಟು ಎಷ್ಟಿದ್ವು? ಮುಚ್ಚಿಡಬೇಡಿ" ಅಂದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ.

ಅಧ್ಯಕ್ಷರು ಅಕ್ಕಪಕ್ಕ ನೋಡಿ ಗಂಟಲು ಸರಿಮಾಡಿಕೊಂಡರು. "ಒಂದೂ ಇಲ್ಲಮ್ಮ. ರಾಕೆಟ್ ಹಾರಿಸೋರಿಗೆ ನಾವು ಮಾಡಿಕೊಟ್ಟಿದ್ದು ಅವರ ಕಾಂಪೌಂಡಿನ ಗೇಟು."

ಗೇಟಂತೆ! ನನಗೆ ಮೈಯೆಲ್ಲ ಉರಿದುಹೋಯ್ತು. ಅತ್ತೆ ಮಾತ್ರ, "ಗೇಟು ಬಿದ್ದಿಲ್ಲ ತಾನೇ?" ಅಂತ ಕೇಳಿದರು.

"ಇಲ್ಲಮ್ಮ, ಗಟ್ಟಿಯಾಗಿದೆ."

"ಅಷ್ಟು ಸಾಕು ಬಿಡಿ" ಅಂತ ಬಂದು ಕೂತು ಎರಡು ಲೋಟ ಕಾಫಿ ಕುಡಿದರು.

ವಾಪಸು ಬರೋವಾಗ ರೈಲಲ್ಲಿ ಅಳು ತಡೆಯೋಕಾಗಲಿಲ್ಲ. "ತಪ್ಪಾಯ್ತು ಅತ್ತೆ. ಷೇರನ್ನ ಬಂದಷ್ಟಕ್ಕೆ ಮಾರಿಬಿಡ್ತೀನಿ, ಎಮ್ಮೆ ತರೋಣ" ಅಂದೆ.

"ತಿಕ್ಕಲೇನೇ ನಿಂಗೆ? ಎಮ್ಮೆ ಎಲ್ಲಾರ ಮನೇಲೂ ಇರ್ತದೆ. ಅಂಥಾ ಗೇಟಲ್ಲಿ ಪಾಲು ಯಾರಿಗೈತೆ?"

ಆಮೇಲೆ ಇನ್ನೊಂದು ರಾಕೆಟ್ಟು ಸರಿಯಾಗಿ ಮೇಲಕ್ಕೆ ಹೋಯ್ತು. "ನಮ್ಮ ಗೇಟಿಂದಾನೇ ಒಳಕ್ಕೆ ಹೋಗಿದ್ದು!" ಅಂತ ಅತ್ತೆ ಬೀದಿಗೆಲ್ಲ ಸಾರಿಕೊಂಡು ಬಂದು, ಪಾಯಸ ಮಾಡು ಅಂದರು. ನಾನು ಚೊಂಬು ಹಿಡಿದು ಪಕ್ಕದ ಮನೆಗೆ ನೀರುಹಾಲು ತರೋಕೆ ಹೋದೆ.